ನಲ್ಲಿ ಸಿಗಲಿಲ್ಲ

ಮನೆಯಲ್ಲೊಂದು ಸಮೋವಾರ್ ಇದೆ, ಮೂಗಿಲ್ಲದ್ದು.
ಗಂಡನ ಅಜ್ಜಿಯ ಕಾಲದ್ದು, ನಲ್ಲಿ ಕಳೆದು ಎಷ್ಟೋ ವರ್ಷ,
ತೂತಿಗೆ ಬೆಂಡು ತುರುಕಿದ್ದೇವೆ.
"ತ್ಬಿಲಿಸಿಯ ಒಣಸೇತುವೆ ಸಂತೇಲಿ ಸಿಕ್ಕೀತು" ಅಂದೆ ಒಮ್ಮೆ.
"ಹೋಗಿ ಬಾ" ಅಂದ ಓತಿಯಾ, ಟೀವಿಯಿಂದ ಕಣ್ಣು ಕೀಳದೆ.
ಅಲ್ಲಿಂದ ಶುರು.
ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಎರಡೇ ದಿನ
ನಾನು ನಲ್ಲಿ ಹುಡುಕಲು ಹೋಗುತ್ತೇನೆ.

ಜೆಸ್ತಪೋನಿಯಿಂದ ಬೆಳಗಿನ ವ್ಯಾನು.
ಚರ್ಚು ಕಂಡಾಗೆಲ್ಲ ಡ್ರೈವರ್ ಸ್ಟಿಯರಿಂಗ್ ಬಿಟ್ಟು
ಮೂರು ಸಲ ಶಿಲುಬೆ ಬರೆದುಕೊಳ್ಳುತ್ತಾನೆ ಎದೆಯ ಮೇಲೆ;
ಅವನ ಭಕ್ತಿ ನೋಡಿ ನಾವೂ ಹದಿನಾರು ಮಂದಿ
ದೇವರನ್ನು ನೆನೆಯುತ್ತೇವೆ.

ಇಳಿದದ್ದೇ ಮೊದಲು ರೊಟ್ಟಿ.
ನೆಲಮಾಳಿಗೆಯ ಕಿಟಕಿ ನನ್ನ ಪಾದದ ಮಟ್ಟಕ್ಕೆ,
ಬಗ್ಗಿ ಕಾಸು ಕೊಟ್ಟರೆ ಹಿಟ್ಟು ಮೆತ್ತಿದ ಒಂದು ಕೈ
ದೋಣಿಯಂಥ ಶೋಟಿಯನ್ನು ಮೇಲಕ್ಕೆ ಚಾಚುತ್ತದೆ.
ಮುಖ ಕಾಣದ ಆ ಕೈಯ ಪರಿಚಯ ಆರು ವರ್ಷದ್ದು.
ರೊಟ್ಟಿಯ ಎರಡೂ ತುದಿ
ರಸ್ತೆ ದಾಟುವುದರೊಳಗೆ ಮುಗಿದಿರುತ್ತವೆ.

ಆಮೇಲೆ ಅವಸರವಿಲ್ಲ.
ಬೇಡದ ಬೂಟು ಮೆಟ್ಟಿ ನೋಡುತ್ತೇನೆ,
ಕೊಳ್ಳದ ಕಂಬಳಿಯ ಹಿಂಬದಿ ತಿರುವಿ ಗಂಟು ಎಣಿಸುತ್ತೇನೆ,
ದ್ರಾಕ್ಷಿ ಪಾಕದಲ್ಲಿ ಅದ್ದಿದ ಅಕ್ರೋಟಿನ ಸರಗಳು
ಮೇಣದಬತ್ತಿಗಳ ಹಾಗೆ ತೂಗುವಲ್ಲಿ ನಿಂತು
"ಹಳೆಯದು ಇರಬೇಕು" ಎಂದು ಮೂಗು ಮುರಿದು
ಎರಡು ಕಟ್ಟಿಸಿಕೊಳ್ಳುತ್ತೇನೆ.
ಮೇಲೆ ಮರದ ಬಾಲ್ಕನಿ ವಾಲಿದೆ, ಬಿದ್ದಿಲ್ಲ, ನನಗಿಂತ ಗಟ್ಟಿ.
ಯಾರೋ ರಾಟೆ ಎಳೆದರು,
ಒಂದು ಗಂಡಸಿನ ಪೈಜಾಮ ಅಂಗಳವನ್ನು
ಗಾಳಿಯಲ್ಲಿ ದಾಟಿಹೋಯಿತು.
ಕಿವಿಗೆ ಹಳದಿ ಬಿಲ್ಲೆ ಸಿಕ್ಕಿಸಿಕೊಂಡ ಬೀದಿನಾಯಿ
ಸಿಗ್ನಲ್ಲಿಗೆ ಕಾಯುತ್ತದೆ. ನಾನೂ ಅದರ ಪಕ್ಕ.
ಇಲ್ಲಿ ಯಾರೂ ನನ್ನನ್ನು
"ಸಿಯಾಲಾ, ರಕ್ತದೊತ್ತಡದ ಮಾತ್ರೆ ಬಂತಾ?" ಎಂದು ಕೇಳುವುದಿಲ್ಲ.
ಔಷಧದಂಗಡಿ ಮುಚ್ಚಿದೆ. ಎರಡು ದಿನ ಊರೇ ಆರೋಗ್ಯವಾಗಿರಲಿ.

ಒಣಸೇತುವೆಗೆ ಮಧ್ಯಾಹ್ನದ ಬಿಸಿಲು.
ನೆಲದ ಮೇಲೆ ಹಾಸಿದ ದೇಶ:
ಯಾರದೋ ಎದೆಯ ಪದಕ, ಯಾರದೋ ಹಲ್ಲಿನ ಇಕ್ಕಳ,
ಜೋಡಿ ತಪ್ಪಿದ ಚಮಚ, ನಡೆಯದ ಗಡಿಯಾರಗಳು
ಒಂದೊಂದೂ ತನ್ನದೇ ಗಂಟೆಗೆ ಹಟ ಹಿಡಿದು.
ಜಾಉರ್ ಮುದುಕ ನನ್ನನ್ನು ಕಂಡು ಡಬ್ಬಿ ಅಲುಗಿಸಿದ.
"ಬಂತು, ನಿನ್ನ ನಲ್ಲಿ."

ಹಿತ್ತಾಳೆ. ಹಿಡಿ ಹುಂಜದ ಜುಟ್ಟಿನಂತೆ.
ಪರ್ಸಿನಿಂದ ಹಳೆಯ ಬೆಂಡು ತೆಗೆದು ಪಕ್ಕ ಹಿಡಿದೆ,
ಸುತ್ತಳತೆ ಅದೇ.
ಅಯ್ಯೋ, ಅದೇ.

"ಹದಿನೈದು ಲರಿ," ಅಂದ.
"ಐದು," ಅಂದೆ.
"ಹತ್ತು. ನೀನು ಅಂತ."
"ಮೂರು."
ಕಣ್ಣು ಕಿರಿದು ಮಾಡಿದ. "ಎಂಟು, ನನಗೇ ನಷ್ಟ."
"ಒಂದೂವರೆ."
ಹುಟ್ಟಿದಾರಭ್ಯ ಚೌಕಾಸಿ ಕಂಡವನು,
ಇಂಥದ್ದನ್ನು ಕಂಡಿರಲಿಲ್ಲ.
ನನ್ನ ಮುಖ ನೋಡಿದ, ಕೈಯ ಅಕ್ರೋಟಿನ ಸರ ನೋಡಿದ,
ಧೂಳು ಹಿಡಿದ ನನ್ನ ಒಳ್ಳೆಯ ಬೂಟು ನೋಡಿದ.
ಹೊಟ್ಟೆ ಕುಲುಕಿತು ಮೊದಲು, ನಗು ಆಮೇಲೆ ಬಂತು.
"ಗಿಟ್ಟಲ್ಲ ತಾಯಿ, ಗಿಟ್ಟಲ್ಲ,"
ಎನ್ನುತ್ತ ನಲ್ಲಿಯನ್ನು ಡಬ್ಬಿಯ ತಳಕ್ಕೆ ತಳ್ಳಿ
ಮೇಲೆ ಒಂದು ಹಿಡಿ ಪದಕ ಸುರಿದು ಮುಚ್ಚಿದ.
"ಬರೋ ವರ್ಷ ನೋಡೋಣ. ಇದ್ದರೆ ಇದೆ."
ಏನೂ ಕೊಳ್ಳದವಳಿಗೆ ಕೊಸರು ಬೇರೆ,
ನಾಲ್ಕು ತೂತಿನ ಒಂದು ನೀಲಿ ಗುಂಡಿ.

ಸಂಜೆ ಟಾರಗನ್ ಶರಬತ್ತು ಕುಡಿದೆ, ಪಾಚಿ ಹಸಿರಿನದು,
ಸ್ನಾನಗೃಹಗಳ ಕಡೆಯಿಂದ ಗಂಧಕದ ಗಾಳಿ,
ಕೊಳೆತ ಮೊಟ್ಟೆಯ ವಾಸನೆ. ಅದೂ ಇಷ್ಟವೇ ಆಯಿತು.
ನದಿ ಮಣ್ಣುಬಣ್ಣಕ್ಕೆ ಹರಿಯುತ್ತಿತ್ತು, ನನ್ನ ಕಾಲು ನೋಯುತ್ತಿತ್ತು,
ಎರಡೂ ಸರಿಯಾಗಿಯೇ ಇದ್ದವು.

ಮನೆಗೆ ಬಂದಾಗ ಓತಿಯಾ ಬಾಗಿಲಲ್ಲಿ ಚೀಲ ಇಸಿದುಕೊಂಡ.
"ಸಿಕ್ತಾ?"
"ಸಿಗಲಿಲ್ಲ."
ಅಕ್ರೋಟು ಕಡಿಯುತ್ತ ಸಮೋವಾರಿನ ಕಡೆ ನಡೆದ,
ಬೆಂಡನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ.
"ಬಿಡು," ಅಂದ, ಟೀವಿ ಹಾಕುವ ಮೊದಲು,
"ಇನ್ನೊಂದು ವರ್ಷ ತಡೆಯುತ್ತೆ."